ಸಿಗದೇ ಹೋದ ಚರಿಗೆ

ಸ್ಟುಟ್‌ಗಾರ್ಟ್‌ನಲ್ಲಿ ನನ್ನ ಜೊತೆ ಕೆಲಸ ಮಾಡುವವನೊಬ್ಬ ಹೋದ ವರ್ಷ ಊಟಕ್ಕೆ ಕೂತಾಗ, ‘ಮಾರ್ಚ್ 3ರಿಂದ ನಾವಿಬ್ಬರೂ ಬೇರೆ’ ಅಂದ. ಹೆಂಡತಿ ಎಲ್ಲಿಗೆ ಹೋದಳು ಅಂತ ಕೇಳಿದೆ. ಎಲ್ಲಿಗೂ ಇಲ್ಲವಂತೆ, ಅದೇ ಮನೆ. ಫ್ರಿಜ್ಜಿನ ಮೇಲಿನ ಖಾನೆ ಅವಳದು, ಕೆಳಗಿನದು ಇವನದು. ಬಟ್ಟೆ ಒಗೆಯುವುದೂ ಬೇರೆ ಬೇರೆ. ಇದಕ್ಕೆ ಜರ್ಮನಿಯಲ್ಲಿ ‘ಟ್ರೆನ್ನುಂಗ್ಸ್‌ಯಾರ್’ ಅನ್ನುತ್ತಾರೆ, ಅಗಲಿಕೆಯ ವರ್ಷ. ಊಟ, ಹಾಸಿಗೆ ಬೇರೆಯಾದರೆ ಸಾಕು, ಒಂದೇ ಸೂರಿನಡಿ ಇದ್ದರೂ ಕಾನೂನು ಒಪ್ಪುತ್ತದೆ. ವರ್ಷ ತುಂಬಿದ ಮೇಲೆ ಇಬ್ಬರೂ ಹೂಂ ಅಂದರೆ ಕೋರ್ಟು ಬಿಡುಗಡೆ ಕೊಡುತ್ತದೆ. ಜೊತೆಗಿದ್ದ ವರ್ಷಗಳ ಪಿಂಚಣಿಯ ಹಕ್ಕನ್ನೂ ಸಾಮಾನ್ಯವಾಗಿ ಪಾಲು ಮಾಡುತ್ತದೆ.

ಮೊದಲು ನಗು ಬಂತು. ಆಮೇಲೆ ಹೊಟ್ಟೆಕಿಚ್ಚಾಯಿತು. ಅವನ ಹತ್ತಿರ ಒಂದು ತಾರೀಖಿತ್ತು.

ನಮ್ಮದು ಕೊಪ್ಪಳ. ಕಾನೂನು ನಮಗೂ ಇದೆ. ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ಸೇರಿದ 13ಬಿ ಕಲಮಿನ ಪ್ರಕಾರ ವರ್ಷ ಬೇರೆಯಿದ್ದು ಅರ್ಜಿ ಹಾಕಬೇಕು, ಮತ್ತೆ ಆರು ತಿಂಗಳು ಕಾಯಬೇಕು. ಆ ಆರು ತಿಂಗಳನ್ನು ಕೋರ್ಟು ಮನ್ನಾ ಮಾಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ನಾವಂತೂ ಕಾದೆವು. ಆದರೆ ನನ್ನ ಸಂಸಾರ ಮುಗಿದದ್ದು ಕೋರ್ಟಿನಲ್ಲಲ್ಲ, ಹಿರಿಯರು ಜಮಖಾನೆ ಹಾಸಿ ಕೂತ ನಮ್ಮ ಪಡಸಾಲೆಯಲ್ಲಿ. ಅವಳ ಸೋದರಮಾವ ಯಾದಿ ಓದುತ್ತಿದ್ದರು: ತಿಜೋರಿ, ಮಂಚ, ಹಂಡೆ, ಕೊಡ ಎರಡು. ನಾನು ಒಂದೊಂದೇ ಎತ್ತಿ ಕೊಡುತ್ತಿದ್ದೆ. ಪ್ರತಿ ಪಾತ್ರೆಯ ಕಂಠಕ್ಕೂ ಅವಳ ಅಪ್ಪನ ಹೆಸರು, ಮದುವೆಯ ತಾರೀಖು, ಚುಕ್ಕಿ ಚುಕ್ಕಿಯಾಗಿ ಕೊರೆದದ್ದು. ಒಂದು ಚರಿಗೆ ಮಾತ್ರ ಸಿಗಲಿಲ್ಲ. ‘ಇರ್ಲಿ ಬಿಡ್ರಿ’ ಅಂದರು. ಅಷ್ಟು ಹೊತ್ತು ಗಟ್ಟಿಯಾಗಿದ್ದವನಿಗೆ ಆ ಮಾತಿಗೆ ಗಂಟಲು ಕಟ್ಟಿತು.

ಆಮೇಲೆ ಮೂರು ವರ್ಷ ಅವಳ ಒಂದು ಫೋನಿಗಾಗಿ ಕಾದೆ. ಯಾಕೆ ಹೀಗಾಯಿತು ಅಂತ ಅವಳು ಬಾಯಿಬಿಟ್ಟು ಹೇಳಿದರೆ ಹಗುರಾಗುತ್ತೇನೆ ಅನ್ನುವ ಭ್ರಮೆ. ಫೋನು ಬರಲಿಲ್ಲ. ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆಗೆ ಊರಿಗೆ ಬಂದೆ. ಹಳ್ಳಿಹಳ್ಳಿಯಿಂದ ರೊಟ್ಟಿ ಹೇರಿಕೊಂಡು ಗಾಡಿಗಳು ಬರುತ್ತಿದ್ದವು. ದಾಸೋಹದ ಪಂಕ್ತಿಯಲ್ಲಿ ದೂರದ ಕಾಕಾ ಎಲ್ಲರಿಗೂ ಕೇಳುವಂತೆ, ‘ಏನಪಾ, ಒಬ್ಬನ ಬಂದಿಯೇನು?’ ಅಂದರು. ‘ಹೂಂ, ಒಬ್ಬನ.’ ‘ಆತು ಬಿಡು, ಮಾದಲಿ ಹಾಕಿಸ್ಕೋ.’ ಮೂರು ವರ್ಷದಿಂದ ಮುಚ್ಚಿಟ್ಟುಕೊಂಡದ್ದು ಅಲ್ಲಿಗೆ ಸುದ್ದಿಯೇ ಅಲ್ಲದಂತಾಯಿತು. ಸ್ಟುಟ್‌ಗಾರ್ಟ್‌ನಲ್ಲಿ ನನ್ನನ್ನು ಹೀಗೆ ಕೇಳುವವರಿಲ್ಲ. ಕೇಳುವುದು ಅಲ್ಲಿ ಒರಟುತನ.

ಆದರೆ ಇದು ಗಂಡಸಿನ ಅನುಕೂಲದ ಮಾತು. ಅದೇ ಪ್ರಶ್ನೆ ಅವಳಿಗೆ ಬಿದ್ದರೆ ಹಿಂದೆಯೇ ‘ಗಂಡ ಬಿಟ್ಟಾಕಿ’ ಅನ್ನುವ ಪಿಸುಮಾತು ಬರುತ್ತದೆ. ಅವಳಿಗೆ ಯಾರೂ ಏನೂ ಕೇಳದ ಆ ಜರ್ಮನಿಯ ಮೌನವೇ ವಾಸಿ. ಉಡಿಕೆ ಅಂತ ಹೆಣ್ಣಿಗೆ ಇನ್ನೊಂದು ಮದುವೆ ಮಾಡುವ ಪದ್ಧತಿ ನಮ್ಮ ಸೀಮೆಯ ಎಷ್ಟೋ ಜಾತಿಗಳಲ್ಲಿತ್ತು. ನಾಲ್ಕಕ್ಷರ ಕಲಿತ ಮೇಲೆ ನಮ್ಮಂಥವರ ಮನೆಗಳಲ್ಲಿ ಅದರ ಹೆಸರೆತ್ತಲೂ ನಾಚಿಕೆ. ಕಲಿತು ಗಳಿಸಿದ್ದು ಇದು.

ಈ ಸಲ ಹೋದಾಗ ಚರಿಗೆ ಸಿಕ್ಕಿತ್ತು, ಜೋಳದ ಡ್ರಮ್ಮಿನ ತಳದಲ್ಲಿ. ಅವ್ವ ಅದರಲ್ಲೇ ಮಜ್ಜಿಗೆ ತಂದುಕೊಟ್ಟಳು. ಅವಳಿಗೆ ಅಕ್ಷರ ಬಾರದು. ನಾನು ಕಂಠದ ಕಡೆ ನೋಡುವುದನ್ನು ಕಂಡು, ‘ಉಪ್ಪು ಕಮ್ಮಿ ಆಗೇತೇನು?’ ಅಂದಳು.