ನೀಲಿ ಬೋರ್ಡಿಗೆ ತಟ್ಟೆ ಇಡ್ಲಿಯ ಅರ್ಜಿ

ಅಮೆರಿಕದ ಹೆದ್ದಾರಿಯಲ್ಲಿ ಹಸಿವಾದರೆ ವಾಸನೆ ಹಿಡಿದು ಹೋಗುವ ಹಾಗಿಲ್ಲ. ಬೋರ್ಡು ನೋಡಬೇಕು. ನೀಲಿ ಬೋರ್ಡು. ಮೇಲೆ 'ಫುಡ್' ಎಂದು ಬರೆದು, ಎಕ್ಸಿಟ್, ಅಂದರೆ ಹೆದ್ದಾರಿಯಿಂದ ಹೊರಬೀಳುವ ದಾರಿಯ ನಂಬರ್ ಹಾಕಿ, ಕೆಳಗೆ ಜಾತ್ರೆಯಲ್ಲಿ ದೇವರ ಫೋಟೋ ಜೋಡಿಸಿಟ್ಟ ಹಾಗೆ ಆರು ಹೋಟೆಲ್ಲುಗಳ ಲೋಗೋ ಜೋಡಿಸಿರುತ್ತಾರೆ.

ಮಗಳ ಮನೆಗೆ ಹೋಗಿದ್ದಾಗ ನಾರ್ತ್ ಕೆರೊಲಿನಾದ ಐ-40ರಲ್ಲಿ ಅಳಿಯಂದಿರು ಕಾರು ಓಡಿಸುತ್ತಿದ್ದರು. "ಮಾವ, ಮುಂದಿನ ಎಕ್ಸಿಟ್‌ನಲ್ಲಿ ಏನಾದ್ರೂ ತಿನ್ನೋಣ, ಬೋರ್ಡ್ ನೋಡಿ ಹೇಳಿ" ಅಂದರು. ನೋಡಿದೆ. ಬರ್ಗರ್, ಕೋಳಿ, ಬರ್ಗರ್, ಪಿಜ್ಜಾ, ಸ್ಯಾಂಡ್‌ವಿಚ್, ಮತ್ತೆ ಬರ್ಗರ್.

"ಹಿಂದಿನ ಊರಲ್ಲೂ ಇದೇ ಆರು ಇತ್ತಲ್ರೀ" ಎಂದಳು ಹಿಂದಿನ ಸೀಟಿನಿಂದ ನನ್ನವಳು. "ನಾವು ಮುಂದಕ್ಕೆ ಹೋಗ್ತಾ ಇದ್ದೀವಿ ತಾನೇ?"

ಈ ಬೋರ್ಡು ಸುಮ್ನೆ ಹುಟ್ಟಿದ್ದಲ್ಲ. 1956ರಲ್ಲಿ ಇಂಟರ್‌ಸ್ಟೇಟ್, ಅಂದರೆ ರಾಜ್ಯ ರಾಜ್ಯ ದಾಟುವ ಹೆದ್ದಾರಿಗಳ ಕಾನೂನು ಮಾಡಿದಾಗಲೇ, ಹೆದ್ದಾರಿಯ ಜಾಗದೊಳಗೆ ಬಂಕು, ಹೋಟೆಲು ಇಡಕೂಡದು ಎಂದುಬಿಟ್ಟರು. ಹಳೆಯ ಟೋಲ್ ರಸ್ತೆಗಳಿಗೆ ಮಾತ್ರ ವಿನಾಯಿತಿ. ಹಾಗಾಗಿ ಅಲ್ಲಿನ ರೆಸ್ಟ್ ಏರಿಯಾದಲ್ಲಿ ಶೌಚಾಲಯ ಉಂಟು, ಬೆಂಚು ಉಂಟು, ದುಡ್ಡು ಹಾಕಿದರೆ ಚಿಪ್ಸ್ ಉದುರಿಸುವ ಯಂತ್ರವೂ ಉಂಟು. "ಏನ್ ಕೊಡ್ಲಿ ಸಾರ್" ಎಂದು ಕೇಳುವ ಮನುಷ್ಯ ಇಲ್ಲ.

ಆಮೇಲೆ 1965 ಬಂತು. ಅಧ್ಯಕ್ಷ ಲಿಂಡನ್ ಜಾನ್ಸನ್ ಅವರ ಪತ್ನಿ ಲೇಡಿ ಬರ್ಡ್‌ಗೆ ರಸ್ತೆ ಬದಿಯ ಜಾಹೀರಾತು ಕಂಡರೆ ಆಗುತ್ತಿರಲಿಲ್ಲ. ಹೆದ್ದಾರಿಗಳನ್ನು ಚೆಂದ ಮಾಡಲು ಒಂದು ಕಾಯ್ದೆಯೇ ಆಯಿತು. ಆದರೆ ಕಾಯ್ದೆಯಲ್ಲಿ ಎರಡು ತೂತು. ಜಾಹೀರಾತಿನ ಬೋರ್ಡು ಕೀಳಿಸಬೇಕಾದರೆ ಅದರ ಮಾಲೀಕನಿಗೆ ಪರಿಹಾರ ಕೊಡಬೇಕು. ಅಂಗಡಿ, ಕಾರ್ಖಾನೆಗಳ ವಲಯವಾದರೆ ಬೋರ್ಡು ಇರಲಿಕ್ಕೆ ಅಡ್ಡಿಯಿಲ್ಲ. ವರ್ಮಾಂಟ್, ಮೇನ್, ಹವಾಯಿ, ಅಲಾಸ್ಕಾ ರಾಜ್ಯಗಳು ಬಿಲ್‌ಬೋರ್ಡುಗಳನ್ನೇ ಹೊರಗಿಟ್ಟವು. ಉಳಿದ ಕಡೆ 'ಆಕ್ಸಿಡೆಂಟ್ ಆದರೆ ನನಗೆ ಫೋನ್ ಮಾಡಿ' ಎನ್ನುವ ವಕೀಲರು ಈಗಲೂ ಕಂಬದ ಮೇಲಿಂದ ಹಲ್ಲು ಕಿರಿಯುತ್ತಾರೆ. ಹಸಿದವರ ಪಾಲಿಗೆ ಬಂದದ್ದು ಈ ನೀಲಿ ಬೋರ್ಡು. ಇದೂ ಪುಕ್ಕಟೆ ಅಲ್ಲ. ಲೋಗೋ ಅಂಟಿಸಲು ಹೋಟೆಲಿನವರು ವರ್ಷ ವರ್ಷ ದುಡ್ಡು ಕಟ್ಟಬೇಕು.

ನಿಯಮಗಳಿರುವುದು ಇಡೀ ದೇಶದ ರಸ್ತೆ ಫಲಕಗಳ ಕೈಪಿಡಿಯಲ್ಲಿ. ನಿವೃತ್ತನಾದವನಿಗೆ, ಅದೂ ಮಗಳ ಮನೆಯಲ್ಲಿ, ಹೊತ್ತು ಹೋಗಬೇಕಲ್ಲ. ಅದರ 2009ರ ಆವೃತ್ತಿ (ಈಗ ಅದಕ್ಕಿಂತ ಹೊಸದು ಬಂದಿದೆ) ಹಿಡಿದು ಕೂತೆ. 800ಕ್ಕೂ ಜಾಸ್ತಿ ಪುಟ. ಎಕ್ಸಿಟ್‌ಗೆ ಮುಂಚೆ ಯಾವ ಬೋರ್ಡು ಮೊದಲು, ಯಾವುದು ಕೊನೆಗೆ ಎಂಬುದಕ್ಕೂ ಅದರಲ್ಲಿ ಕ್ರಮವಿದೆ. ಮೊದಲು 24 ಗಂಟೆಯ ಔಷಧಿ ಅಂಗಡಿ. ಆಮೇಲೆ ನೋಡುವ ಜಾಗ, ಟೆಂಟ್ ಹಾಕುವ ಜಾಗ, ಮಲಗುವ ಜಾಗ. ಊಟ ಐದನೆಯದು. ಕೊನೆಗೆ ಪೆಟ್ರೋಲು. ಅಂದರೆ ಮಾತ್ರೆ ನುಂಗಿ, ಊರು ಸುತ್ತಿ, ಒಂದು ನಿದ್ದೆ ತೆಗೆದು, ಆಮೇಲೆ ತಟ್ಟೆ ಮುಂದೆ ಕೂರಬೇಕು. ಆ ಬರ್ಗರ್ ತಿಂದ ಮೇಲೆ ನನಗೂ ಮಾತ್ರೆಯೇ ಮೊದಲು ಬರಬೇಕಿತ್ತು ಅನ್ನಿಸಿತು, ಅದು ಬೇರೆ ಮಾತು.

ಓದುತ್ತಾ ಹೋದ ಹಾಗೆ ನೆನಪಾದದ್ದು ಬಿಡದಿಯಲ್ಲಿ ನಾನು ಯಾವಾಗಲೂ ಹೋಗುವ ತಟ್ಟೆ ಇಡ್ಲಿ ಹೋಟೆಲ್ಲು. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತಲ್ಲ, ಅಲ್ಲಿಂದ ಬಿಡದಿ, ರಾಮನಗರ, ಚನ್ನಪಟ್ಟಣ, ಮಂಡ್ಯ ಎಲ್ಲ ಬೈಪಾಸಿನ ಆಚೆಗೆ. ಮದ್ದೂರನ್ನಂತೂ ಮೇಲಿಂದಲೇ ದಾಟುತ್ತೇವೆ. ವಡೆ ಕೆಳಗೆ, ನಾವು ಮೇಲೆ. ಇಡ್ಲಿಯವರಿಗೂ ಇಂಥದ್ದೊಂದು ನೀಲಿ ಬೋರ್ಡು ಸಿಕ್ಕಿದ್ದರೆ? ಮನಸ್ಸಿನಲ್ಲೇ ಅವರ ಪರವಾಗಿ ಅರ್ಜಿ ತುಂಬಲು ಶುರು ಮಾಡಿದೆ.

ದೂರದ ಪ್ರಶ್ನೆ ಸುಲಭ. ಎಕ್ಸಿಟ್‌ನಿಂದ ಮೂರು ಮೈಲಿಯೊಳಗೆ ಇರಬೇಕು. ಅಷ್ಟರೊಳಗೆ ಯಾರೂ ಸಿಗದಿದ್ದರೆ ಮೂರು ಮೂರು ಮೈಲಿ ಹಿಗ್ಗಿಸುತ್ತಾ ಹದಿನೈದರವರೆಗೆ ಹೋಗಬಹುದು. ಹದಿನೈದು ಮೈಲಿ ಅಂದರೆ ಇಪ್ಪತ್ತನಾಲ್ಕು ಕಿಲೋಮೀಟರು. ಬಿಡದಿಯಲ್ಲಿ ಯಾರೂ ಸಿಗದಿದ್ದರೆ ಅಲ್ಲಿನ ಎಕ್ಸಿಟ್‌ನಲ್ಲಿ ರಾಮನಗರದ ಹೋಟೆಲಿಗೂ ಬೋರ್ಡು ಹಾಕಬಹುದು!

ಎರಡನೆಯದು, 'ಆಧುನಿಕ ಶೌಚಾಲಯ'. ಹಿಂದಗಡೆ ಒಂದು ಇದೆ. ಆಧುನಿಕ ಎಂಬುದನ್ನು ಓದದ ಹಾಗೆ ಮಾಡಿ ಟಿಕ್ ಹಾಕಿದೆ.

ಮೂರನೆಯದು, ಸಾರ್ವಜನಿಕರ ಬಳಕೆಗೆ ಫೋನು. 2009ರಲ್ಲಿ, ಜನರೆಲ್ಲ ಜೇಬಲ್ಲಿ ಮೊಬೈಲ್ ಇಟ್ಟುಕೊಂಡು ಓಡಾಡುವಾಗ, ಊಟ ಹಾಕುವವನು ಫೋನೂ ಇಟ್ಟಿರಬೇಕಂತೆ. ನಮ್ಮವರ ಹತ್ತಿರ ಹಳೆಯ ಹಳದಿ ಕಾಯಿನ್ ಬಾಕ್ಸ್ ಇತ್ತು. ಅದರ ಮೇಲೆ ಈಗ ಸೋಂಪಿನ ಡಬ್ಬಿ ಇಟ್ಟಿದ್ದಾರೆ.

ಸಿಕ್ಕಿಬಿದ್ದದ್ದು ನಾಲ್ಕನೆಯದರಲ್ಲಿ. ದಿನಕ್ಕೆ ಕನಿಷ್ಠ ಎರಡು ಊಟ, ವಾರಕ್ಕೆ ಕನಿಷ್ಠ ಆರು ದಿನ. ನಮ್ಮ ಹೋಟೆಲಿನಲ್ಲಿ ಬೆಳಿಗ್ಗೆ ಆರಕ್ಕೆ ಇಡ್ಲಿ ಶುರು, ಹನ್ನೊಂದಕ್ಕೆ ಖಾಲಿ. ಅದು ಊಟವೇ ಅಲ್ಲ, ತಿಂಡಿ. ಏಳಕ್ಕೆ ಒಂದು ಸಲ, ಹತ್ತಕ್ಕೆ ಇನ್ನೊಂದು ಸಲ ಬಂದು ತಿನ್ನುವವರೂ ಇದ್ದಾರೆ. ಹಾಗಾದರೆ ಎರಡಾಯಿತಲ್ವಾ? ಅಧಿಕಾರಿ ಒಪ್ಪುವುದಿಲ್ಲ. ಬೆಣ್ಣೆ ಹಾಕಿದ್ದನ್ನು ಒಂದು, ಹಾಕದ್ದನ್ನು ಇನ್ನೊಂದು ಅಂದರೂ ಒಪ್ಪುವುದಿಲ್ಲ. ಇಡ್ಲಿಯನ್ನು ಬಾಯಿಗೆ ಇಟ್ಟು ತೋರಿಸೋಣವೆಂದರೆ ಅದಕ್ಕೆ ಅರ್ಜಿಯಲ್ಲಿ ಜಾಗವೇ ಇಲ್ಲ. 800 ಪುಟ ತಿರುವಿಹಾಕಿದರೂ ತಿನ್ನುವ ಪದಾರ್ಥ ರುಚಿಯಾಗಿರಬೇಕು ಎಂದು ಎಲ್ಲಿಯೂ ಬರೆದಿಲ್ಲ.

ಒಂದು ಸಾಲಿಗೆ ಮಾತ್ರ ಕೈ ಮುಗಿದೆ. ಬಣ್ಣ, ಧರ್ಮ, ಹುಟ್ಟಿದ ದೇಶ ನೋಡಿ ಗಿರಾಕಿಯನ್ನು ಹೊರಗೆ ಕಳಿಸುವವನಿಗೆ ಈ ಬೋರ್ಡಿನಲ್ಲಿ ಜಾಗವಿಲ್ಲ. ಕರಿಯರನ್ನು ಹೋಟೆಲಿನ ಬಾಗಿಲಲ್ಲೇ ತಡೆಯುತ್ತಿದ್ದ ದೇಶ ಬರೆದುಕೊಂಡ ಸಾಲು ಅದು. ನಮ್ಮಲ್ಲಿ ಎರಡು ಲೋಟದ ಹೋಟೆಲುಗಳ ಕಥೆ ಗೊತ್ತಿದ್ದವರು ಅದನ್ನು ನೋಡಿ ನಗುವ ಹಾಗಿಲ್ಲ.

ಮುಂದಿನ ಪ್ರಶ್ನೆ ಲೋಗೋದ್ದು. ರಸ್ತೆಯ ಸಂಚಾರ ಫಲಕದಂತೆ ಕಾಣುವ ಲೋಗೋ ಹಾಕಕೂಡದು. ತಟ್ಟೆ ಇಡ್ಲಿಯ ಚಿತ್ರ ಬರೆದೆ. ದೊಡ್ಡ ಬಿಳಿ ವೃತ್ತ. ಪಕ್ಕಕ್ಕೆ ಕೆಂಪು ಚಟ್ನಿ ಇಡೋಣವೆಂದು ಸುತ್ತ ಬಳಿದೆ. ಥೇಟ್ 'ವಾಹನ ಪ್ರವೇಶವಿಲ್ಲ'!

ಅಳಿಯಂದಿರು ಇಣುಕಿ ನೋಡಿ, "ರಾಜ್ಯಗಳು ನಿಯಮಾನ ಸ್ವಲ್ಪ ಆಚೀಚೆ ಮಾಡ್ಕೋಬಹುದು ಮಾವ, ಬೇಜಾರಾಗ್ಬೇಡಿ" ಎಂದು ಸಮಾಧಾನ ಮಾಡಿದರು. ಹೋಟೆಲಿಗೆ ವಾರದ ರಜೆ ಇದ್ದರೆ ಅದನ್ನೂ ಲೋಗೋ ಮೇಲೆ ಬರೆಯಬಹುದಂತೆ: 'ಮುಚ್ಚಿದೆ', ಪಕ್ಕದಲ್ಲಿ ವಾರದ ಹೆಸರು. ಸೋಮವಾರವೋ ಮಂಗಳವಾರವೋ ನನಗೆ ನೆನಪಿರಲಿಲ್ಲ. ವಾಟ್ಸ್ಯಾಪಿನಲ್ಲಿ ಬಿಡದಿಗೇ ಫೋನ್ ಹಚ್ಚಿದೆ. ಅಲ್ಲಿ ಆಗ ಬೆಳಿಗ್ಗೆ, ಹಿಂದೆ ತಟ್ಟೆಗಳ ಸದ್ದು.

"ಯಜಮಾನ್ರೇ, ನಿಮ್ಮ ಹೋಟ್ಲು ಬಾಗಿಲು ಹಾಕೋದು ಯಾವತ್ತು?"

"ಇಡ್ಲಿ ಇಟ್ಟು ಮುಗುದ್ ತಕ್ಷಣ, ಸಾಮಿ."