ತೇರಿಲ್ಲದ ಜಾತ್ರೆ

ಏಪ್ರಿಲ್ 25ರಿಂದ 28ರವರೆಗೆ ಇಸ್ರೇಲಿನ ಡ್ರೂಜ್ ಜನ, ಅಂದರೆ ಅರಬ್ಬಿ ಮಾತಾಡುವ ಒಂದು ಸಣ್ಣ ಧಾರ್ಮಿಕ ಸಮುದಾಯದವರು, ನಬಿ (ಪ್ರವಾದಿ) ಶುಐಬರ ಗೋರಿಯಿರುವ ಸನ್ನಿಧಿಗೆ ಹೋಗುತ್ತಾರೆ. ಇದು ತಿಬೇರಿಯ ಊರಿನ ಹತ್ತಿರ, ಹತ್ತೀನ್ ಗುಡ್ಡದ ಪಕ್ಕದಲ್ಲಿದೆ. 1187ರಲ್ಲಿ ಮುಸ್ಲಿಂ ದೊರೆ ಸಲಾದಿನ್ ಯುರೋಪಿನ ಕ್ರೈಸ್ತ ಯೋಧರಾದ ಕ್ರುಸೇಡರನ್ನು ಸೋಲಿಸಿದ್ದು ಇದೇ ಗುಡ್ಡದಲ್ಲಿ. ಶುಐಬ್ ಅಂದರೆ ಬೈಬಲ್ಲಿನ ಇತ್ರೋ, ಮೋಶೆಯ ಮಾವ. ಇಲ್ಲಿ ಮುದುಕರ ಆರೈಕೆಯ ಕೆಲಸಕ್ಕೆ ಬಂದಿರುವ ನಮ್ಮ ಕರಾವಳಿಯವರ ಮುಂದೆ ಇದನ್ನು ಜಾತ್ರೆ ಅಂದರೆ ನಗುತ್ತಾರೆ. "ತೇರಿಲ್ಲ, ಚೆಂಡೆಯಿಲ್ಲ, ಇದೆಂಥ ಜಾತ್ರೆ ಮಾರಾಯ್ರೆ?"

ನನಗಂತೂ ಇದು ಜಾತ್ರೆಯೇ. ಗೋರಿಗೆ ಹಸಿರು ಬಟ್ಟೆ ಹೊದಿಸಿರುತ್ತಾರೆ. ಕಲ್ಲಿನಲ್ಲಿ ಒಂದು ಪಾದದ ಗುರುತಿದೆ, ಪ್ರವಾದಿಯದೇ ಅನ್ನುತ್ತಾರೆ. ಅದಕ್ಕೆ ಎಣ್ಣೆ ಸುರಿದು, ಅದೇ ಎಣ್ಣೆಯನ್ನು ಮೈಗೆ ಹಚ್ಚಿಕೊಳ್ಳುತ್ತಾರೆ. ನಮ್ಮ ಅಜ್ಜಿಯಂದಿರು ನೋಡಿದ್ದರೆ ಏನೂ ಕೇಳದೆ ಸೆರಗು ಸರಿಮಾಡಿಕೊಂಡು ಕೈ ಮುಗಿಯುತ್ತಿದ್ದರು.

ಬೇರೆಯಾಗುವುದು ಒಳಗೆ ಸೇರುವ ವಿಷಯದಲ್ಲಿ. ನಮ್ಮಲ್ಲಿ ಸಾಲಿನಲ್ಲಿ ನಿಂತವನೆಲ್ಲ ಭಕ್ತ. ಡ್ರೂಜರು 11ನೇ ಶತಮಾನದಿಂದಲೇ ಹೊಸಬರನ್ನು ಸೇರಿಸಿಕೊಂಡಿಲ್ಲ. ಅವರ ಧರ್ಮಗ್ರಂಥ ಓದುವುದು ದೀಕ್ಷೆ ಪಡೆದ 'ಉಕ್ಕಾಲ್'ಗಳು ಮಾತ್ರ, ಬಿಳಿ ಟೋಪಿ, ದಪ್ಪ ಮೀಸೆಯ ಹಿರಿಯರು. ಹೆಂಗಸರೂ ದೀಕ್ಷೆ ಪಡೆಯಬಹುದು. ಮಿಕ್ಕ ಜನ, ಅಂದರೆ ಹೆಚ್ಚಿನವರು, ಗ್ರಂಥ ಓದದೆಯೇ ಬರುತ್ತಾರೆ. ಸುಮ್ನೆ ಬರುತ್ತಾರೆ ಅನ್ನಬೇಡಿ. ಇಲ್ಲಿ ಅವರಿರುವುದು ಒಂದೂವರೆ ಲಕ್ಷದಷ್ಟು. ವರ್ಷಕ್ಕೊಮ್ಮೆ ಎಲ್ಲರ ಮುಖ ನೋಡುವುದೇ ಅವರಿಗೆ ದೊಡ್ಡ ವಿಷಯ.

ಹಿರಿಯರು ಕೂತು ಸಮುದಾಯದ ಸಂಗತಿ ಮಾತಾಡುವುದೂ ಈ ದಿನಗಳಲ್ಲೇ. ಇದನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ತುಳುನಾಡಿನ ನೇಮಗಳಲ್ಲಿ ದೈವದ ಮುಂದೆ ಜಾಗದ ತಕರಾರು ತೀರುತ್ತಿತ್ತು, ಅಲ್ವಾ? ಈಗ ನಮ್ಮ ಸಮಿತಿಗಳಲ್ಲಿ ಲೈಟಿಂಗ್, ರಶೀದಿ ಪುಸ್ತಕದ ಮಾತೇ ಜಾಸ್ತಿ.

2025ರ ಮಾರ್ಚ್‌ನಲ್ಲಿ ಸಿರಿಯಾದ ಡ್ರೂಜ್ ಹಿರಿಯರು ಬಸ್ಸಿನಲ್ಲಿ ಗಡಿ ದಾಟಿ ಇಲ್ಲಿಗೆ ಬಂದರು. ಸುಮಾರು ಐವತ್ತು ವರ್ಷಗಳಲ್ಲಿ ಅದೇ ಮೊದಲು. ಅವರ ದೇಶದಲ್ಲಿ ಬೈದವರೂ ಇದ್ದರು. ಏಪ್ರಿಲ್ ಯಾತ್ರೆಗೆ ಮತ್ತೆ ನೂರಾರು ಮಂದಿ ಬಂದರು. ಇದರಲ್ಲಿ ಇಸ್ರೇಲ್ ಸರ್ಕಾರದ ಲೆಕ್ಕಾಚಾರ ಇಲ್ಲದಿಲ್ಲ.

ರಾಜಕೀಯದ ಮಟ್ಟಿಗೆ ಮಾತ್ರ ನಮ್ಮ ಜಾತ್ರೆ, ಇವರ ಜಾತ್ರೆ ಎರಡೂ ಒಂದೇ. ಇಲ್ಲೂ ಮಂತ್ರಿಗಳು ಬರುತ್ತಾರೆ, ಇಸ್ರೇಲ್ ಸೇನೆಯಲ್ಲಿರುವ ಡ್ರೂಜ್ ಸೈನಿಕರನ್ನು ಹೊಗಳಿ ಭಾಷಣ ಮಾಡುತ್ತಾರೆ. ಮನೆ ಕಟ್ಟಲು ಪರವಾನಗಿ ಸಿಗುತ್ತಿಲ್ಲ ಎಂಬ ಡ್ರೂಜ್ ಊರುಗಳ ಹಳೇ ದೂರು ಮುಂದಿನ ವರ್ಷಕ್ಕೂ ಹಾಗೇ ಉಳಿಯುತ್ತದೆ.