ಲೇಖಕರು: ಲಭ್ಯವಿಲ್ಲ, ಓದುಗರು: ಫೋನ್ ನಂಬರ್ ಸಮೇತ

ಆ ಲೈಬ್ರರಿ 'ಸಂಪೂರ್ಣ ಗಣಕೀಕೃತ' ಆಗಿದ್ದು ನಿಮಗೆಲ್ಲ ಗೊತ್ತೇ ಇದೆ. ಫ್ಲೆಕ್ಸ್ ಹಾಕಿದ್ದರು, ಟೇಪು ಕತ್ತರಿಸಿದ್ದರು, ಬಂದವರಿಗೆಲ್ಲ ಮೈಸೂರು ಪೇಟ ತೊಡಿಸಿದ್ದರು, ಪೇಪರಲ್ಲಿ ಫೋಟೋನೂ ಬಂತು. ಹೆಸರು ಹೇಳಲ್ಲ. ಚಿಕ್ಕಮಗಳೂರಿನವರು ಊಹಿಸಿಕೊಳ್ಳುತ್ತೀರಿ, ಹಾಸನದವರು ತಮ್ಮೂರಿನದ್ದೇ ಇರಬೇಕು ಅಂದುಕೊಳ್ಳುತ್ತೀರಿ. ಇಬ್ಬರದ್ದೂ ತಪ್ಪಲ್ಲ.

ಬಾಗಿಲ ಪಕ್ಕ ಒಂದು ಕಂಪ್ಯೂಟರ್ ಇದೆ, ಪುಸ್ತಕ ಹುಡುಕೋಕೆ. ಇದು ಬರುತ್ತೆ ಅಂತಲೇ ಹಳೇ ಕಾರ್ಡುಗಳಿದ್ದ ಮರದ ಡ್ರಾಯರುಗಳನ್ನು ಗುಜರಿಗೆ ಹಾಕಿದ್ದು. 'ತೇಜಸ್ವಿ' ಅಂತ ಕನ್ನಡದಲ್ಲಿ ಹೊಡೆದೆ. ಫಲಿತಾಂಶ ಸೊನ್ನೆ. ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡು, ಮೀನು ಹಿಡಿದುಕೊಂಡು, ಬರೆದುಕೊಂಡು ಇದ್ದ ಪೂರ್ಣಚಂದ್ರ ತೇಜಸ್ವಿಯವರ ಒಂದು ಪುಸ್ತಕವೂ ಇಲ್ಲಿಲ್ಲವಂತೆ. ಕಂಪ್ಯೂಟರಿನ ಹಿಂದಿನ ಕಪಾಟಿನಲ್ಲಿ ಅವರ ಪುಸ್ತಕಗಳು ಸಾಲಾಗಿ ನಿಂತಿದ್ದವು, ಓದಿ ಓದಿ ರಟ್ಟು ಕಿತ್ತುಹೋಗಿ.

"ಇಂಗ್ಲಿಷಲ್ಲಿ ಹೊಡೀರಿ ಸಾರ್," ಅಂದರು ಅಟೆಂಡರ್. ಹೊಡೆದೆ, ಒಂದಿಷ್ಟು ಬಂದವು. "ಟಿ ಆದ್ಮೇಲೆ ಎಚ್ ಹಾಕಿ." ಬೇರೆ ಒಂದಿಷ್ಟು ಬಂದವು. "ಡಬ್ಲ್ಯೂ ತೆಗೆದು ವಿ ಹಾಕಿ ನೋಡಿ." ಇನ್ನೂ ಒಂದಿಷ್ಟು. ಒಬ್ಬ ಲೇಖಕರು ಕಂಪ್ಯೂಟರಿನ ಲೆಕ್ಕದಲ್ಲಿ ಮೂವರು. ಸಾಹಿತ್ಯ ಸಮೃದ್ಧವಾಗೋದು ಹೀಗೇ ಇರಬೇಕು.

ಕನ್ನಡದಲ್ಲಿ ಯಾಕೆ ಸಿಗಲಿಲ್ಲ ಅಂತ ಕೆದಕಿದೆ. ಎಂಟ್ರಿ ಮಾಡಿದ್ದು ಹಳೇ ನುಡಿ ಫಾಂಟಿನಲ್ಲಿ, ಎಲ್ಲ ಕಂಪ್ಯೂಟರಿಗೂ ಅರ್ಥವಾಗೋ ಯುನಿಕೋಡಿನಲ್ಲಿ ಅಲ್ಲ. ಅಂದರೆ ಯಂತ್ರದ ಹೊಟ್ಟೆಯೊಳಗೆ ಇರೋದು ಪರದೇಶದ ಅಕ್ಷರ ಮತ್ತು ಚಿಹ್ನೆಗಳು, ಮೇಲೆ ಮಾತ್ರ ಕನ್ನಡದ ವೇಷ. ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಹಾಕಿ ನೋಡಿ, ವೇಷ ಕಳಚುತ್ತೆ, 'ಕನ್ನಡ' ಅನ್ನೋ ಪದದ ನಡುವೆ ಇಂಗ್ಲೆಂಡಿನ ಪೌಂಡ್ ಚಿಹ್ನೆ ಹಲ್ಲು ಕಿರಿಯುತ್ತೆ. ಬ್ರಿಟಿಷರು 1947ರಲ್ಲಿ ಎಲ್ಲ ಬಾಚಿಕೊಂಡು ಹೋದರು ಅಂತ ಓದಿದ್ದೆವು. ನೋಡಿದರೆ ನಮ್ಮ 'ನ'ಕಾರದಲ್ಲಿ ದುಡ್ಡು ಬಿಟ್ಟು ಹೋಗಿದ್ದಾರೆ.

ಹಾಗಂತ ಗಣಕೀಕರಣ ದಂಡ ಅಂತ ನಾನು ಹೇಳಲಾರೆ. ಪುಸ್ತಕದ ಬಗ್ಗೆ ಏನೂ ಗೊತ್ತಿಲ್ಲದಿದ್ದರೇನು, ಓದುಗರ ಬಗ್ಗೆ ಸಕಲವೂ ಗೊತ್ತಿದೆ. ಸದಸ್ಯತ್ವದ ಫಾರಂ ನೋಡಿ: ಹೆಸರು, ತಂದೆ ಅಥವಾ ಗಂಡನ ಹೆಸರು, ಜಾತಿ, ಆಧಾರ್, ಮೊಬೈಲು, ರಕ್ತದ ಗುಂಪು. ರಕ್ತದ ಗುಂಪು ಯಾಕೆ ಅಂತ ಕೇಳಬೇಡಿ, ಮೇಲಿನ ಕಪಾಟಿನ ವಿಶ್ವಕೋಶ ತಲೆ ಮೇಲೆ ಬಿದ್ದರೆ ಬೇಕಾಗುತ್ತಲ್ಲ. ಆಮೇಲೆ ಯಾವುದಾದರೂ ಪುಸ್ತಕದ ಮೇಲೆ ಒತ್ತಿ. ಲೇಖಕರು: ಲಭ್ಯವಿಲ್ಲ. ಪ್ರಕಾಶಕರು: ಲಭ್ಯವಿಲ್ಲ. ವಿಷಯ: ಇತರೆ. ಈಗ ಯಾರ ಬಳಿ ಇದೆ: ಹೆಸರು, ಫೋನ್ ನಂಬರು, ವಾಪಸ್ ಕೊಡಬೇಕಾದ ತಾರೀಕು, ಎಲ್ಲ ಇದೆ. ನಾನು ಒತ್ತಿದ್ದು ಮೂಲವ್ಯಾಧಿಯ ಮನೆಮದ್ದಿನ ಪುಸ್ತಕ. ಒಯ್ದವರು ಊರಿಗೆಲ್ಲ ಗೊತ್ತಿರೋ ದೊಡ್ಡ ಮನುಷ್ಯರು. ಮೊನ್ನೆ ಹೋಟೆಲಿನಲ್ಲಿ ಅವರು ಕುರ್ಚಿ ಖಾಲಿ ಇದ್ದರೂ ನಿಂತೇ ಕಾಫಿ ಕುಡಿಯುವಾಗ ನಾನು ಗೋಡೆ ಕಡೆ ನೋಡಬೇಕಾಯಿತು.

ನಗೋದು ಸುಲಭ. ಆದರೆ ಅದೇ ಪರದೆಯಲ್ಲಿ ವಿಚ್ಛೇದನದ ಕಾನೂನು ಓದುತ್ತಿರೋ ಹೆಣ್ಣುಮಗಳ ಹೆಸರೂ ಬರುತ್ತೆ, ಅವಳ ನಂಬರೂ ಬರುತ್ತೆ, ಅವಳ ಗಂಡನಿಗೂ ಆ ಲೈಬ್ರರಿಯ ಬಾಗಿಲು ತೆರೆದೇ ಇರುತ್ತೆ. ವೈಯಕ್ತಿಕ ಮಾಹಿತಿ ಕಾಪಾಡೋಕೆ 2023ರಲ್ಲಿ ಕಾಯ್ದೆ ಬಂತು. ಅದರ ಪ್ರತಿಯೂ ಲೈಬ್ರರಿಯಲ್ಲಿ ಎಲ್ಲೋ ಇದ್ದೀತು. ಇತರೆಯಲ್ಲಿ.

ನಮ್ಮ ಕಡೆಯವರಿಗೆ ಮಾಹಿತಿ ಬರೆದಿಡೋಕೆ ಬರಲ್ಲ ಅಂತ ಮಾತ್ರ ಯಾರೂ ಹೇಳಬೇಡಿ. ಕಾಫಿ ವಿಷಯಕ್ಕೆ ಬನ್ನಿ. ಬಾಬಾ ಬುಡನ್ ಯೆಮೆನ್‌ನಿಂದ ಬೀಜ ತಂದ ಕತೆಯಲ್ಲೂ ನಮ್ಮ ಜನ ಲೆಕ್ಕ ಬಿಟ್ಟಿಲ್ಲ, ಏಳು ಅಂತ ನಿಖರವಾಗಿ ಹೇಳುತ್ತಾರೆ. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನೆ ನಡೀತಿದೆ. ಅಲ್ಲಿನ ಎಸ್ 795 ಅನ್ನೋ ಕಾಫಿ ತಳಿಯ ಜಾತಕ ಕೇಳಿ. ಒಂದು ಕಡೆ ಎಸ್ 288, ಇನ್ನೊಂದು ಕಡೆ ಕೆಂಟ್ಸ್. ಎಸ್ 288 ಅರೇಬಿಕಾ ಮತ್ತು ಲೈಬೀರಿಕಾ ಅನ್ನೋ ಎರಡು ಕಾಫಿ ಜಾತಿ ತಾವಾಗಿ ಬೆರೆತು ಹುಟ್ಟಿದ ಸಂತತಿ. ಕೆಂಟ್ಸ್ ಅನ್ನೋದು ಆ ಗಿಡವನ್ನು ಗುರುತಿಸಿ ಆರಿಸಿದ ಪ್ಲಾಂಟರ್ ಹೆಸರು. ಅಜ್ಜ ಅಜ್ಜಿ ತನಕ ಗೊತ್ತು. ಕ್ಯೂರಿಂಗಿಗೆ ಹೋದ ಕಾಫಿ ಪ್ಲಾಂಟೇಶನ್ ಎ, ಬಿ, ಪೀಬೆರಿ ಅಂತ ಗ್ರೇಡ್ ಹೊತ್ತೇ ಹೊರಗೆ ಬರುತ್ತೆ. ಈಗ ಅದೂ ಸಾಲದು. ಕಾಡು ಕಡಿದು ಬೆಳೆದ ಕಾಫಿ ಬೇಡ ಅಂತ ಯುರೋಪಿನವರು 2023ರಲ್ಲಿ ಕಾನೂನು ಮಾಡಿದ್ದಾರೆ, ಬೆಳೆದ ಜಾಗದ ಅಕ್ಷಾಂಶ ರೇಖಾಂಶ ಕೊಡಿ ಅಂತಾರೆ. ತುಂಡು 4 ಹೆಕ್ಟೇರಿಗಿಂತ ದೊಡ್ಡದಾದರೆ ಸುತ್ತಲ ಗಡಿಯನ್ನೇ ಗುರುತು ಮಾಡಿ ಕೊಡಬೇಕಂತೆ. ಜಾರಿಯ ತಾರೀಕು ಮುಂದೆ ಮುಂದೆ ಹೋಗಿದೆ, ಆದರೂ ಬೆಳೆಗಾರರು ಬೈದುಕೊಂಡೇ ಮೊಬೈಲು ಹಿಡಿದು ಬೇಲಿ ಸುತ್ತ ನಡೆದಿದ್ದಾರೆ, ಜಿಗಣೆ ಕಚ್ಚಿಸಿಕೊಂಡು. ಅಲ್ಲಿಗೆ, ನಮ್ಮ ಗುಡ್ಡದ ಬೀಜ ಎಲ್ಲಿ ಬೆಳೀತು ಅಂತ ಬ್ರಸೆಲ್ಸ್‌ನಲ್ಲಿ ಕೂತವನು ಹೇಳಬಲ್ಲ. ಆ ಗುಡ್ಡದ ಬಗ್ಗೆ ಪುಸ್ತಕ ಬರೆದವರು ಯಾರು ಅಂತ ಗುಡ್ಡದ ಬುಡದಲ್ಲಿ ಕೂತವನು ಹೇಳಲಾರ.

ಇನ್ನು ಹೆಸರುಗಳು. ಕುವೆಂಪು ಹುಟ್ಟಿದ್ದು ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, 1904ರಲ್ಲಿ. ಈ ಕಂಪ್ಯೂಟರಿನಲ್ಲಿ ಅವರು ಒಂದು ಕಡೆ ಕುವೆಂಪು, ಇನ್ನೊಂದು ಕಡೆ ಪುಟ್ಟಪ್ಪ ಕೆ.ವಿ., ಮತ್ತೊಂದು ಕಡೆ ಕುಪ್ಪಳ್ಳಿ ವಿ.ಪಿ. ಮೂವರಿಗೂ ಪರಸ್ಪರ ಪರಿಚಯವೇ ಇಲ್ಲ. ಗುಜರಿಗೆ ಹೋದ ಡ್ರಾಯರಿನಲ್ಲಿ ಇದಕ್ಕೆ ಮದ್ದು ಇತ್ತು. 'ಪುಟ್ಟಪ್ಪ, ಕೆ.ವಿ. ನೋಡಿ: ಕುವೆಂಪು' ಅಂತ ಒಂದು ಕಾರ್ಡು. ಯಾರೋ ಪುಣ್ಯಾತ್ಮರು ಕೂತು, ಯೋಚಿಸಿ, ಕೈಯಲ್ಲಿ ಬರೆದದ್ದು. ಗ್ರಂಥಾಲಯ ವಿಜ್ಞಾನದ ಹಿರಿಯ ಎಸ್.ಆರ್. ರಂಗನಾಥನ್ 1934ರಲ್ಲೇ ಕ್ಯಾಟಲಾಗಿಗೆ ಅಂತ ಒಂದು ನಿಯಮಾವಳಿ ಬರೆದರು. ಅವರ ಹೆಸರನ್ನೇ ಬಿಡಿಸಿ ನೋಡಿ: ಶಿಯಾಳಿ ಊರು, ರಾಮಾಮೃತ ಅಪ್ಪ, ರಂಗನಾಥನ್ ಅವರು. ನಮ್ಮ ಹೆಸರುಗಳ ಕಷ್ಟ ಅವರಿಗೆ ಗೊತ್ತಿತ್ತು. 'ಲಾಸ್ಟ್ ನೇಮ್ ಕಡ್ಡಾಯ' ಅನ್ನೋ ವಿದೇಶಿ ಸಂಶೋಧನಾ ಪತ್ರಿಕೆಗಳ ಫಾರಮ್ಮಿಗೆ ಗೊತ್ತಿಲ್ಲ. ನಮ್ಮ ಹುಡುಗರ ಹತ್ತಿರ ಇರೋದು ಎರಡು ಇನಿಷಿಯಲ್ಲು, ಒಂದು ಹೆಸರು. ಕೊನೆಗೆ ಊರಿನ ಹೆಸರು ತುಂಬುತ್ತಾರೆ. ಆಮೇಲೆ ಜಗತ್ತಿನ ವಿದ್ವಾಂಸರೆಲ್ಲ 'ಅರಸೀಕೆರೆ ಮತ್ತು ಇತರರು ಸಾಬೀತು ಮಾಡಿರುವಂತೆ' ಅಂತ ಬರೀತಾರೆ. ರೈಲ್ವೆ ಜಂಕ್ಷನ್ನಿಗೂ ಒಂದು ಡಾಕ್ಟರೇಟ್ ಸಿಕ್ಕಂತಾಯಿತು. ಊರು ಬೇಡ ಅಂತ 'ಗೌಡ' ಅಂತ ತುಂಬಿದವರ ಪಾಡು ಬೇರೆ. ಹಾಸನದ ಕಡೆ ಗೌಡ ಅನ್ನೋ ಲೇಖಕರನ್ನು ಹುಡುಕೋದು ಅಂದರೆ ಜಾತ್ರೆ ಮಧ್ಯೆ ನಿಂತು 'ಅಣ್ಣಾ' ಅಂತ ಕೂಗಿದ ಹಾಗೆ.

ನಮ್ಮದಷ್ಟೇ ಹೀಗಲ್ಲ, ದೊಡ್ಡವರದ್ದೂ ಇದೆ. ಅಮೆರಿಕದ ಭಾಷಾವಿಜ್ಞಾನಿ ಜೆಫ್ರಿ ನನ್‌ಬರ್ಗ್ 2009ರಲ್ಲಿ ಗೂಗಲ್ ಬುಕ್ಸ್ ಜಾಲಾಡಿದರು. ಅದೆಷ್ಟೋ ಪುಸ್ತಕಗಳು 1899ರಲ್ಲಿ ಪ್ರಕಟವಾದವು ಅಂತ ತಪ್ಪಾಗಿ ನಮೂದಾಗಿದ್ದವು. ನಮ್ಮ ಶೋಧಗಂಗಾ ಅನ್ನೋ ಜಾಲತಾಣದಲ್ಲಿ ದೇಶದ ಪಿಎಚ್‌ಡಿ ಪ್ರಬಂಧಗಳಿವೆ, ಒಳ್ಳೇ ಕೆಲಸ, ಆದರೆ ಸಾರಾಂಶ ಓದೋಕೆ ಹೋದರೆ ವಾಕ್ಯದ ನಡುನಡುವೆ 'ನ್ಯೂಲೈನ್' 'ನ್ಯೂಲೈನ್' ಅಂತ ಬರ್ತಾ ಇರುತ್ತೆ. ಹೊಸ ಸಾಲು ಶುರು ಮಾಡು ಅಂತ ಯಂತ್ರಕ್ಕೆ ಕೊಟ್ಟ ಆಜ್ಞೆಯನ್ನು ಯಂತ್ರ ಭಯಭಕ್ತಿಯಿಂದ ಬರೆದುಕೊಂಡಿದೆ. ವರ್ಷಗಟ್ಟಲೆ ಕಷ್ಟಪಟ್ಟು ಬರೆದ ಪ್ರಬಂಧದಲ್ಲಿ ಹೆಚ್ಚು ಸಲ ಕಾಣೋ ಪರಿಕಲ್ಪನೆ ನ್ಯೂಲೈನ್. ಯಾರಾದರೂ ಅದರ ಮೇಲೇ ಒಂದು ಪಿಎಚ್‌ಡಿ ಮಾಡಬಹುದು.

ಇನ್ನು ಅಮೆರಿಕದ ಗ್ರಂಥಪಾಲಕ ಮೆಲ್ವಿಲ್ ಡ್ಯೂಯಿ. 1876ರಲ್ಲಿ ಪುಸ್ತಕ ಜೋಡಿಸೋಕೆ ಅಂತ ಜಗತ್ತಿನ ಜ್ಞಾನವನ್ನೆಲ್ಲ ಹತ್ತು ಭಾಗ ಮಾಡಿ, ನಂಬರು ಕೊಟ್ಟು ಹಂಚಿದ ಮಹಾನುಭಾವ. ಧರ್ಮಕ್ಕೆ 200. ಅದರಲ್ಲಿ ಬೈಬಲ್ಲು, ಕ್ರೈಸ್ತ ಮತಕ್ಕೆ 220ರಿಂದ 280ರ ತನಕ ಸೈಟು. ಉಳಿದ ಪ್ರಪಂಚದ ದೇವರೆಲ್ಲ 290ರ ವಠಾರದಲ್ಲಿ. ಜೈನ ಧರ್ಮಕ್ಕೆ 294.4. ಶ್ರವಣಬೆಳಗೊಳದಲ್ಲಿ ಸಾವಿರ ವರ್ಷದಿಂದ ನಿಂತೇ ಇರೋ ಗೊಮ್ಮಟನನ್ನು ದಶಮಾಂಶದ ಚುಕ್ಕಿ ಹಿಂದೆ ಕೂರಿಸಿದ ಮೊದಲಿಗ ಈ ಡ್ಯೂಯಿ. ಕನ್ನಡ ಸಾಹಿತ್ಯಕ್ಕೆ 894.814, ಪಂಪನಿಂದ ಹಿಡಿದು ನಮ್ಮ ಹಾಸನದ ಬಾನು ಮುಷ್ತಾಕ್ ತನಕ ಎಲ್ಲರೂ ಆ ಒಂದು ಕೋಣೆಯಲ್ಲಿ ಅಡ್ಜಸ್ಟ್ ಮಾಡಿಕೊಳ್ಳಬೇಕು. ಡ್ಯೂಯಿ ಹೆಂಗಸರ ಜತೆ ನಡೆದುಕೊಂಡ ರೀತಿಗೆ ಅವರೇ ಕಟ್ಟಿದ ಸಂಘ ಆಗಲೇ ದೂರ ಇಟ್ಟಿತ್ತು, 2019ರಲ್ಲಿ ತನ್ನ ಪದಕದಿಂದ ಹೆಸರನ್ನೂ ತೆಗೆಯಿತು. ಆ ದೇಶದಲ್ಲಿ ಹಣೆಪಟ್ಟಿಗಳ ಬಗ್ಗೆ ಜಗಳವಾದರೂ ಆಗುತ್ತೆ. ವಲಸೆ ಬಂದವರನ್ನು 'ಅಕ್ರಮ ಪರಕೀಯರು' ಅಂತ ಕರೆಯೋ ಲೈಬ್ರರಿ ಪಟ್ಟಿಯ ವಿಷಯ ಶೀರ್ಷಿಕೆ ತೆಗೀರಿ ಅಂತ ಡಾರ್ಟ್‌ಮತ್ ಕಾಲೇಜಿನ ವಿದ್ಯಾರ್ಥಿಗಳು 2014ರಲ್ಲಿ ಕೇಳಿದರು, ಅದು ಅಲ್ಲಿನ ಸಂಸತ್ತಿನ ತನಕ ಹೋಗಿ ರಂಪವಾಗಿ ಕೊನೆಗೆ 2021ರಲ್ಲಿ ಬದಲಾಯಿತು. ನಮ್ಮಲ್ಲಿ ಇಂಥ ಜಗಳವೇ ಇಲ್ಲ. ಎಲ್ಲವೂ ಇತರೆ, ಎಲ್ಲರೂ ಸಮಾನರು.

ಬೇಲೂರಿಗೆ ಹೋಗಿ ಬನ್ನಿ. ಬಸ್ಸಿನಲ್ಲಿ ಹತ್ತಿರದ ದಾರಿ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿ. ಆ ಮದನಿಕೆಯರ ಕಾಲ ಬುಡದಲ್ಲಿ ಸಣ್ಣ ಅಕ್ಷರ ಇದೆ, ಗೈಡ್ ತೋರಿಸ್ತಾರೆ. ಬಳ್ಳಿಗಾವೆಯ ದಾಸೋಜ. ಅವನ ಮಗ ಚಾವಣ. ಹೆಸರು, ಊರು, ಅಪ್ಪ, ಜತೆಗೆ ನನ್ನಂಥವನಿಲ್ಲ ಅನ್ನೋ ಧಾಟಿಯ ಬಿರುದು. 900 ವರ್ಷದ ಹಿಂದೆ ಉಳಿ ಹಿಡಿದವನಿಗೆ ಗೊತ್ತಿತ್ತು, ಮಾಡಿದವನ ಹೆಸರು ಮಾಡಿದ್ದರ ಮೇಲೇ ಇರಬೇಕು ಅಂತ. ದುಡ್ಡು ಕೊಟ್ಟ ರಾಜನೂ ಬೇಡ ಅನ್ನಲಿಲ್ಲ.

ಅಲ್ಲಿಂದ ವಾಪಸ್ ಬಂದು ಅದೇ ಲೈಬ್ರರಿಯಲ್ಲಿ ಮಲೆನಾಡಿನ ಜನಪದ ಹಾಡುಗಳ ಒಂದು ಸಂಗ್ರಹ ತೆಗೆದೆ. ಲೇಖಕರ ಜಾಗದಲ್ಲಿ ಸಂಗ್ರಾಹಕರ ಹೆಸರು, ಡಾ. ಸಮೇತ. ಹಾಡಿದ ಹೆಂಗಸರು? ಪುಸ್ತಕದ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಹೆಸರುಗಳಿದ್ದವು, ಸಂಗ್ರಾಹಕರು ಅಷ್ಟು ಮರ್ಯಾದೆ ಉಳಿಸಿಕೊಂಡಿದ್ದಾರೆ. ಕಂಪ್ಯೂಟರಿನಲ್ಲಿ ಅದಕ್ಕೆ ಕಾಲಮ್ಮೇ ಇಲ್ಲ. ನಾಟಿ ಗದ್ದೆಯಲ್ಲಿ ಬಗ್ಗಿ ಹಾಡಿದವಳು, ರಾತ್ರಿ ಎಲ್ಲ ನೆನಪು ಮಾಡಿಕೊಂಡು ಹೇಳಿದವಳು, ಅವಳ ಬಾಯಿಂದ ಬಿದ್ದದ್ದನ್ನು ಬರೆದುಕೊಂಡವರಿಗೆ ಡಾಕ್ಟರೇಟು, ಅವಳ ಮೊಮ್ಮಗಳು ಇವತ್ತು ಬಂದು ಅಜ್ಜಿ ಹೆಸರು ಹೊಡೆದರೆ ಸೊನ್ನೆ. ಕೆಲವು ಹಾಡು ಮನೆಯೊಳಗಿನವು, ಮೈಲಿಗೆ ಮಡಿಯವು, ಹೆಂಗಸರು ಹೆಂಗಸರ ನಡುವೆ ಹಾಡಿಕೊಂಡಂಥವು. ಅವನ್ನು ಊರಿಗೆಲ್ಲ ತೋರಿಸಬಹುದಾ ಅಂತ ಅವರನ್ನು ಯಾರಾದರೂ ಕೇಳಿದರಾ? ಸಮುದಾಯದ ಮಾಹಿತಿಯ ಮೇಲೆ ಆ ಸಮುದಾಯಕ್ಕೆ ಹಕ್ಕು ಇರಬೇಕು ಅಂತ 2019ರಲ್ಲಿ ಆದಿವಾಸಿಗಳ ದತ್ತಾಂಶಕ್ಕೆ 'ಕೇರ್' ಅನ್ನೋ ತತ್ವಗಳನ್ನು ಮುಂದಿಟ್ಟರು. ಇಲ್ಲಿ ಅದರ ಮಾತು ಬೇಡ, ಮೊದಲು ಹೆಸರು ಬರೀರಿ ಸಾಕು. ಒಂದು ಕಾಲಮ್ಮು. ಅಷ್ಟೇ. ಇದಕ್ಕೆ ಸಮಿತಿ ಬೇಕಾ? ಟೆಂಡರ್ ಬೇಕಾ? ನನಗೆ ಇದರಲ್ಲಿ ನಗು ಬರ್ತಿಲ್ಲ.

ಎಂಟ್ರಿ ಮಾಡಿದ ಹುಡುಗಿಯನ್ನು ಬೈಯೋಕೆ ಆಗಲ್ಲ. ಗುತ್ತಿಗೆಯವರು ಎಂಟ್ರಿಗೆ ಇಷ್ಟು ಅಂತ ಕೊಡ್ತಾರೆ. "ರಟ್ಟು ಹರಿದಿದ್ರೆ ಲಭ್ಯವಿಲ್ಲ ಅಂತ ಹಾಕಿ ಅಂದ್ರು ಸಾರ್, ಒಳಗೆ ತೆಗೆದು ನೋಡ್ತಾ ಕೂತ್ರೆ ದಿನದ ಲೆಕ್ಕ ಆಗಲ್ಲ," ಅಂದಳು. ಸರಿಯಾಗೇ ಹೇಳಿದಳು. ಹಿಂದೆ ಓಲೆಗರಿ ಪ್ರತಿ ಮಾಡುತ್ತಿದ್ದವರು ಕೊನೆಯಲ್ಲಿ ಒಂದು ಶ್ಲೋಕ ಹಾಕುತ್ತಿದ್ದರು: ಬೆನ್ನು, ಸೊಂಟ, ಕತ್ತು ಮುರಿದುಕೊಂಡು, ತಲೆ ಬಗ್ಗಿಸಿ ಬರೆದಿದ್ದೇನೆ, ಜೋಪಾನ ಮಾಡಿ ಅಂತ. ಇನ್ನೊಂದು ಶ್ಲೋಕದಲ್ಲಿ ಪುಸ್ತಕವೇ ಮಾತಾಡುತ್ತೆ: ಎಣ್ಣೆಯಿಂದ ಕಾಪಾಡಿ, ನೀರಿನಿಂದ ಕಾಪಾಡಿ, ಮೂರ್ಖರ ಕೈಗೆ ಕೊಡಬೇಡಿ. ಟೆಂಡರ್ ಶರತ್ತುಗಳಲ್ಲಿ ಮೊದಲ ಎರಡು ಇದ್ದವು ಅಂತ ಕೇಳಿದೆ.

ಬಿಟ್ಟಿ ಕೆಲಸ ಮಾಡೋರೂ ಇದ್ದಾರೆ, ಅವರನ್ನು ಮರೀಬಾರದು. ಸರ್ಕಾರದ ದುಡ್ಡಿನಲ್ಲಿ ಸ್ಕ್ಯಾನ್ ಆದ ಸಾವಿರಾರು ಕನ್ನಡ ಪುಸ್ತಕಗಳ ಹೆಸರು ಗುರುತು ಸಿಗದ ಇಂಗ್ಲಿಷ್ ಕಾಗುಣಿತದಲ್ಲಿ ಬಿದ್ದಿದ್ದಾಗ, ಕನ್ನಡದ ಹುಡುಗರು ರಜೆ ದಿನ ಕೂತು ಒಂದೊಂದನ್ನೇ ಓದಿ ಕನ್ನಡದಲ್ಲಿ ಬರೆದು 'ಪುಸ್ತಕ ಸಂಚಯ' ಅಂತ ಮಾಡಿದರು. ಅವರಿಗೆ ಮೈಸೂರು ಪೇಟ ಯಾರೂ ತೊಡಿಸಿದ್ದು ನಾನು ನೋಡಿಲ್ಲ.

ಆಗಸ್ಟ್ 12 ರಂಗನಾಥನ್ ನೆನಪಿನ ಗ್ರಂಥಪಾಲಕರ ದಿನ. ಅವತ್ತು ಅವರ ಫೋಟೋಗೆ ಹಾರ ಬೀಳುತ್ತೆ, ಉಪ್ಪಿಟ್ಟು ಕೇಸರಿಬಾತು ಇರುತ್ತೆ. 'ಓದುಗನ ಸಮಯ ಉಳಿಸು' ಅನ್ನೋದು ಅವರ ನಾಲ್ಕನೇ ಸೂತ್ರ. ಅದರ ಮೇಲೆ ಭಾಷಣ ಎಷ್ಟು ಹೊತ್ತು ನಡೆಯುತ್ತೆ ಅಂದರೆ ಓದುಗನಿಗೆ ಆ ದಿನ ಪುಸ್ತಕ ಸಿಗಲ್ಲ.

ಎರಡನೇ ಹಂತದಲ್ಲಿ ಎಐ ತರ್ತಾರಂತೆ. 'ಲಭ್ಯವಿಲ್ಲ' ಅಂತ ಇರೋ ಕಡೆಯೆಲ್ಲ ಅದೇ ಅಂದಾಜಿನ ಮೇಲೆ ಏನೋ ಒಂದು ತುಂಬುತ್ತಂತೆ. ಈಗಿನ ಕಂಪ್ಯೂಟರ್ ದಡ್ಡ ಇರಬಹುದು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲಾದರೂ ಹೇಳುತ್ತೆ. ಖರ್ಚಿನ ಚಿಂತೆ ಬೇಡ, ಅದಕ್ಕೆ ನಾವಿದ್ದೇವೆ. 1965ರ ಗ್ರಂಥಾಲಯ ಕಾಯ್ದೆ ಪ್ರಕಾರ ಮನೆ ಕಂದಾಯದ ಜತೆ ಗ್ರಂಥಾಲಯ ಕರ ಅಂತ ನೂರಕ್ಕೆ 6 ರೂಪಾಯಿ ಕಟ್ಟುತ್ತೇವೆ. ನನ್ನ ರಸೀದಿಯಲ್ಲಿ ಆ ಕಾಲಮ್ಮನ್ನು ಯಾರೂ ಯಾವತ್ತೂ ಖಾಲಿ ಬಿಟ್ಟಿಲ್ಲ, ಹೆಸರಿನ ಸ್ಪೆಲಿಂಗೂ ತಪ್ಪಿಲ್ಲ.